ಅಂಗೈಗೆ ತಾಗುವ ಮಾತು

ನವಲಗುಂದ
೧೪ ಜೂನ್ ೧೯೨೬

ಚಿರಂಜೀವಿ ಪ್ರಲ್ಹಾದನಿಗೆ ರಂಗೂಬಾಯಿ ಅಕ್ಕನ ಆಶೀರ್ವಾದ.

ನೀನು ಇಂದೂಳನ್ನು ಪುಣೆಗೆ ಕರೆದುಕೊಂಡು ಹೋದ ಮೇಲೆ ಮನೆಯಲ್ಲಿ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿದೆ. ಇನ್ನಾದರೂ ಆರಾಮಾಗಿರು ಎಂದು ಓಣಿಯ ಹೆಂಗಸರು ಹೇಳುತ್ತಾರೆ. ನನಗೆ ಆಗುತ್ತಿಲ್ಲ. ಹೆತ್ತವಳು ಬಾಣಂತಿಕೋಣೆಯಲ್ಲೇ ಕಣ್ಣು ಮುಚ್ಚಿದಾಗ ಆ ಕೂಸನ್ನು ನನ್ನ ಮಡಿಲಿಗೆ ಹಾಕಿದವನು ನೀನೇ. ಏಳು ವರ್ಷದ ಮೇಲೆ, ಎರಡನೇ ಸಂಸಾರ ಹೂಡಿ, ನಿನ್ನ ಮಗಳು ನಿನಗೆ ಬೇಕೆನಿಸಿದ್ದು ನ್ಯಾಯವೇ. ನ್ಯಾಯವಾದದ್ದಕ್ಕೆಲ್ಲ ನಗಬೇಕೆಂದು ಎಲ್ಲಿದೆ?

ಹೋಗುವ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ, ನಿನ್ನ ಹೆಂಡತಿ ಸುಲಭಾಗೂ ಓದಿ ಹೇಳು. ಇಂದೂಳ ಕಿವಿ ಮಂದವಲ್ಲ. ಬಳೆಗಾರ ಓಣಿಯ ಆಚೆ ಬಂದರೂ ಮೊದಲು ಕೇಳುವುದು ಅವಳಿಗೇ. ಆದರೆ ಮಾತಿನೊಳಗಿನ ಸಣ್ಣ ಸಪ್ಪಳಗಳು ಅವಳಿಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ. ಮಾಲೆ ಕೊಟ್ಟರೆ ಮಾಲೆಯೆಂದು ಹಿಡಿಯುತ್ತಾಳೆ, ಹೂವು ಬಿಡಿಸಿ ತೋರಿಸು ಎಂದರೆ ಕೈಸೋಲುತ್ತಾಳೆ. ಪ ಮತ್ತು ಬ ಅವಳಿಗೆ ಒಂದೇ. ಉದ್ದದ ಹೆಸರಾದರೆ ನಡುವಿನದು ಬಿದ್ದುಹೋಗುತ್ತದೆ. ದಿನಾ ಕೈಯಲ್ಲಿ ಹಿಡಿಯುವ ಸೌಟಿನ ಹೆಸರಿಗೂ ಎಷ್ಟೋ ಹೊತ್ತು ತಡಕಾಡುತ್ತಾಳೆ. ಹಾಡಿನ ಧಾಟಿ ಮಾತ್ರ ಒಮ್ಮೆಯೂ ತಪ್ಪುವುದಿಲ್ಲ, ಕೇಳಿದ ಕತೆಯನ್ನು ಮರೆಯುವುದಿಲ್ಲ.

ಒಂದು ಮಧ್ಯಾಹ್ನ ನನ್ನ ಕೊರಳಿಗೆ ಕೈಹಾಕಿ ಕತೆ ಕೇಳುತ್ತಿದ್ದವಳು, "ಅತ್ಯಾ, ಇಲ್ಲಿ ಗುಂಯ್ ಅಂತದ" ಎಂದಳು. ಅಂದಿನಿಂದ ಅದೇ ನಮ್ಮ ಪಾಠ. ಬ ಎನ್ನುವಾಗ ಗಂಟಲು ಗುಂಯ್ ಎನ್ನುತ್ತದೆ, ಪ ಎನ್ನುವಾಗ ಸುಮ್ಮನಿದ್ದು ತುಟಿಯಿಂದ ಗಾಳಿ ಬರುತ್ತದೆ. ಕಿವಿಗೆ ಸಿಗದ್ದು ಅವಳ ಅಂಗೈಗೆ ಸಿಗುತ್ತದೆ. ಹೊಸ ಮಾತು ಬಂದರೆ ನನ್ನ ಗಂಟಲ ಮೇಲೆ ಕೈಯಿಟ್ಟು ಕಾಯುತ್ತಾಳೆ, ನಾನು ಹೇಳುತ್ತೇನೆ. ನೀನೂ ಹೀಗೆಯೇ ಮಾಡು. ನಿಧಾನವಾಗುತ್ತದೆ, ಆದರೆ ಬರುತ್ತದೆ. ಗಂಟಿನಲ್ಲಿ ಬಜೆ ಇಟ್ಟಿದ್ದೇನೆ, ತೇಯ್ದು ನಾಲಿಗೆಗೆ ಹಚ್ಚಲು ಹೇಳು.

ಗದರಿಸಬೇಡ. ನಮ್ಮ ತಮ್ಮ ಬಾಳುವೂ ಹೀಗೇ ಇದ್ದ. ಅದನ್ನು ನಾನು ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ.

ರಂಗಕ್ಕ


ನಾರಾಯಣ ಪೇಠ, ಪುಣೆ
೮ ಆಗಸ್ಟ್ ೧೯೨೬

ಅಕ್ಕನ ಪಾದಗಳಿಗೆ ಪ್ರಲ್ಹಾದನ ನಮಸ್ಕಾರಗಳು.

ಪತ್ರ ತಡವಾಯಿತು. ಖಡಕಿಯ ಕಾರ್ಖಾನೆಯ ಕಚೇರಿಯಲ್ಲಿ ಹೊಸ ಸಾಹೇಬ ಬಂದಿದ್ದಾನೆ. ಸೈಕಲ್ ತುಳಿದು ಮನೆ ಸೇರುವಾಗ ದೀಪ ಹಚ್ಚಿರುತ್ತಾರೆ.

ಇಂದೂ ಆರಾಮಾಗಿದ್ದಾಳೆ. ಹತ್ತಿರದ ಮರಾಠಿ ಶಾಲೆಗೆ ಹಾಕಿದ್ದೇನೆ. ಸುಲಭಾಳ ಮನೆಮಾತು ಕನ್ನಡವಾದರೂ ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲೇ, ಹೀಗಾಗಿ ಮನೆಯಲ್ಲಿ ಮರಾಠಿಗೆ ತೊಂದರೆಯಿಲ್ಲ. ಬಜೆಯನ್ನೂ ತಪ್ಪದೆ ತೇಯುತ್ತಾಳೆ. ನೀನು ಅಂಜುವಷ್ಟು ಏನೂ ಇಲ್ಲ ಅಕ್ಕಾ. ಹಳ್ಳಿಯ ಹುಡುಗಿ, ನೀನು ಮುದ್ದು ಮಾಡಿ ಕೂರಿಸಿದ್ದೀಯಾ, ನಾಲಿಗೆ ಸ್ವಲ್ಪ ಜಡವಾಗಿದೆ ಅಷ್ಟೇ.

ಗಂಟಲಿನ ಆಟ ಮಾತ್ರ ಇಲ್ಲಿ ನಡೆಯುವುದಿಲ್ಲ. ಮೊದಲ ವಾರವೇ ಶಾಲೆಯಲ್ಲಿ ಕಲಿಸುವ ಬಾಯಿಯವರ ಕುತ್ತಿಗೆಗೆ ಕೈಹಾಕಲು ಹೋಗಿ ಅಂಗೈಮೇಲೆ ಛಡಿ ಏಟು ತಿಂದು ಬಂದಳು. ನಮ್ಮ ವಾಡೆಯ ಬಿಡಾರದವರಿಗೆಲ್ಲ ಹೇಳಿದೆ, ಎಲ್ಲರೂ ನಕ್ಕು ನಕ್ಕು ಸುಸ್ತಾದರು. ನಾನೂ ನಕ್ಕೆ. ಈಗ ಆ ಅಭ್ಯಾಸ ಬಿಟ್ಟಿದ್ದಾಳೆ.

ನಿನ್ನ ಪತ್ರ ಅವಳಿಗೆ ಓದಿ ಹೇಳಿದೆ. ನಿನ್ನ ಹೆಸರು ಬಂದಲ್ಲೆಲ್ಲ ಕಾಗದವನ್ನು ಮುಟ್ಟಿ ನೋಡಿದಳು.

ನಿನ್ನ ಪ್ರಲ್ಹಾದ


ಪುಣೆ
೨೦ ನವೆಂಬರ್ ೧೯೨೬

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಎರಡು ಪತ್ರ ಬಂದವು, ಉತ್ತರಿಸಲಾಗಲಿಲ್ಲ. ಬರೆಯಲು ಒಳ್ಳೆಯ ಸುದ್ದಿ ಇರಲಿ ಎಂದು ಕಾಯುತ್ತಿದ್ದೆ.

ಇಂದೂಳಿಗೆ ಶಾಲೆ ಹತ್ತುತ್ತಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಬಾರಾಖಡಿ, ಅಂದರೆ ನಮ್ಮ ಕಾಗುಣಿತ, ಹೇಳುವಾಗ ಇವಳ ಬಾಯಿ ಆಡುತ್ತದಂತೆ, ಮಾತು ಇರುವುದಿಲ್ಲವಂತೆ. ಪಾಟಿಯ ಮೇಲೆ ಬರೆದದ್ದು ಯಾವ ಭಾಷೆಯದೂ ಅಲ್ಲ. ನಮ್ಮ ವಾಡೆಯ ಮಾಳಿಗೆಯಲ್ಲಿ ಪಂಢರಿನಾಥ ಮಾಸ್ತರರು ಇದ್ದಾರೆ, ಭೋರ್ ಕಡೆಯವರು, ತಿಳಿದವರು. ಅವರನ್ನು ಕೇಳಿದೆ. ಮನೆಯಲ್ಲಿ ಒಂದು ಮಾತು, ಹೊರಗೆ ಇನ್ನೊಂದು ಮಾತಾದರೆ ಕೂಸಿನ ತಲೆಯಲ್ಲಿ ಎರಡೂ ಕಲಸಿಹೋಗುತ್ತವೆ, ಕಾನಡಿ ಬಿಡಿಸದೆ ಮರಾಠಿ ಹತ್ತುವುದಿಲ್ಲ ಎಂದರು. ಯೋಚಿಸಿದರೆ ಖರೆ ಎನಿಸಿತು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಹೀಗೆಯೇ ಬಿಡಿಸಿ ಮಕ್ಕಳನ್ನು ದಾರಿಗೆ ತಂದಿದ್ದಾರೆ.

ಹೀಗಾಗಿ ದೀಪಾವಳಿಯ ಪಾಡ್ಯದಿಂದ ನಮ್ಮ ಮನೆಯಲ್ಲಿ ಕನ್ನಡ ನಿಂತಿದೆ. ಕಷ್ಟ ಅಂದರೆ ನನಗೇ. ಊಟಕ್ಕೆ ಕೂತು ಇನ್ನಷ್ಟು ಮಜ್ಜಿಗೆ ಬೇಕೆನ್ನಲು ತಡವರಿಸುತ್ತೇನೆ, ಸುಲಭಾ ಸೆರಗು ಅಡ್ಡ ಹಿಡಿದು ನಗುತ್ತಾಳೆ. ಇಂದೂ ನಗುವುದಿಲ್ಲ, ಆದರೆ ಹಟವನ್ನೂ ಮಾಡುತ್ತಿಲ್ಲ.

ಇನ್ನು ಮೇಲೆ ನಿನ್ನ ಪತ್ರಗಳನ್ನು ಅವಳಿಗೆ ಓದಿ ಹೇಳುವುದಿಲ್ಲ. ಬೇಸರ ಮಾಡಿಕೊಳ್ಳಬೇಡ, ನಿನ್ನ ತಪ್ಪೇನೂ ಇಲ್ಲ. ಇಷ್ಟು ವರ್ಷ ಇವಳಿಗೆ ಕಲಿಸಿದವರು ಯಾರು ಎಂದು ಮಾಸ್ತರರು ಕೇಳಿದಾಗ ನಾನು ಹೆಸರು ಹೇಳಲಿಲ್ಲ.

ಪ್ರಲ್ಹಾದ


ನವಲಗುಂದ
೨ ಡಿಸೆಂಬರ್ ೧೯೨೬

ಪ್ರಲ್ಹಾದಾ,

ನನ್ನ ಹೆಸರು ಹೇಳಿದ್ದರೆ ನಾಚಿಕೆಯಾಗುತ್ತಿತ್ತೇನೋ. ಇರಲಿ. ಒಂದೇ ಒಂದು ಮಾತು ಕೇಳುತ್ತೇನೆ, ಇದಕ್ಕೆ ಉತ್ತರ ಕೊಡು. ಬಾಳುವಿಗೆ ಯಾವ ಮರಾಠಿ ಇತ್ತು?

ಇದೇ ಊರು, ಇದೇ ಕನ್ನಡ ಶಾಲೆ, ಮನೆಯಲ್ಲೂ ಓಣಿಯಲ್ಲೂ ಒಂದೇ ಮಾತು. ಆದರೂ ಅವನಿಗೆ ಅಕ್ಷರ ಹತ್ತಲಿಲ್ಲ. ಅವನೂ ನಡುವಿನ ಸಪ್ಪಳ ನುಂಗುತ್ತಿದ್ದ, ಅವನಿಗೂ ಗೊತ್ತಿದ್ದ ವಸ್ತುವಿನ ಹೆಸರು ಸಮಯಕ್ಕೆ ಬಾಯಿಗೆ ಬರುತ್ತಿರಲಿಲ್ಲ. ಅಪ್ಪ ಪಡಸಾಲೆಯ ಕಂಬಕ್ಕೆ ಕಟ್ಟಿ ಕಾಗುಣಿತ ಹೇಳಿಸಿದರು. ಓಣಿಯವರೆಲ್ಲ ನಿಂತು ನೋಡಿದರು. ನೀನು ಕಂಬದ ಹಿಂದೆ ಕೂತು ಅವನ ಕೈ ಹಿಡಿದುಕೊಂಡಿದ್ದೆ. ಮುಂದಿನ ಸಂತೆಯ ದಿನ ಹೋದವನು ಇವತ್ತಿಗೂ ಬರಲಿಲ್ಲ. ಅಪ್ಪ ಬದುಕಿರುವ ತನಕ ಮುಂಬಾಗಿಲಿಗೆ ಅಗಳಿ ಹಾಕಗೊಡಲಿಲ್ಲ.

ಇದು ಭಾಷೆಯ ರೋಗವಲ್ಲ, ನಾಲಿಗೆಯ ಜಡತನವೂ ಅಲ್ಲ. ಮೈಬಣ್ಣ, ಮೂಗಿನ ಆಕಾರ ಬಂದ ಹಾಗೆ ಇದು ನಮ್ಮ ಮನೆತನದಲ್ಲಿ ಬಂದಿದೆ. ಒಂದೊಂದು ಸಪ್ಪಳವನ್ನೂ ಬಿಡಿಸಿ ಬಿಡಿಸಿ ಕೈಗೆ ಕೊಡಬೇಕಾದ ಕೂಸು ಅದು. ನೀನು ಅವಳಿಗೆ ಮರಾಠಿ ಕೊಡುವುದಕ್ಕೆ ನನ್ನ ತಕರಾರಿಲ್ಲ. ಅವಳಲ್ಲಿ ಇದ್ದಷ್ಟು ಮಾತನ್ನು ಕಸಿದುಕೊಂಡು ಕೊಡುತ್ತಿದ್ದೀಯಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ಅವಳಿಗೆ ಓದಿ ಹೇಳುವುದಿಲ್ಲ ಎಂದಿದ್ದೀಯಲ್ಲ, ಅದಕ್ಕೇ ಅವಳಿಗೆಂದು ಈ ಪತ್ರದಲ್ಲಿ ಏನೂ ಬರೆದಿಲ್ಲ.

ರಂಗಕ್ಕ


ಪುಣೆ
೧೦ ಏಪ್ರಿಲ್ ೧೯೨೭

ಅಕ್ಕನಿಗೆ ನಮಸ್ಕಾರಗಳು.

ಚಳಿಗಾಲ ಪೂರ್ತಿ ಬರೆಯಲಿಲ್ಲ. ಕಚೇರಿಯ ಕೆಲಸ.

ಎರಡು ಸಂತೋಷದ ಸುದ್ದಿಗಳಿವೆ. ಮೊದಲನೆಯದು, ಇಂದೂ ಓದುತ್ತಿದ್ದಾಳೆ. ಹೌದು ಅಕ್ಕಾ, ಓದುತ್ತಿದ್ದಾಳೆ. ಪುಸ್ತಕ ತೊಡೆಯ ಮೇಲಿಟ್ಟು, ಸಾಲಿನ ಕೆಳಗೆ ಬೆರಳು ಜಾರಿಸುತ್ತ, ಗುಬ್ಬಿಯ ಪಾಠವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಪಂಢರಿನಾಥ ಮಾಸ್ತರರನ್ನು ಕೆಳಗೆ ಕರೆದು ಓದಿಸಿದೆ, ವಾಡೆಯವರನ್ನೆಲ್ಲ ಕೂರಿಸಿ ಓದಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು. ನೀನು ಬರೆದದ್ದಕ್ಕೆ ಇದೇ ನನ್ನ ಉತ್ತರ ಎಂದು ತಿಳಿ.

ಎರಡನೆಯದು, ಸುಲಭಾ ಬಸುರಿ. ಆಷಾಢದ ಹೊತ್ತಿಗೆ ದಿನ ತುಂಬುತ್ತದೆ. ತವರಿನಲ್ಲಿ ಅವಳಿಗೆ ತಾಯಿ ಇಲ್ಲ, ನಿನಗೆ ಗೊತ್ತು. ಬಾಣಂತನಕ್ಕೆ ನೀನು ಬಂದರೆ ನಮಗೆ ಆನೆಬಲ. ನೀನು ಬರಬೇಕೆಂದು ಅವಳೂ ಹೇಳುತ್ತಾಳೆ.

ಆದರೆ ಒಂದು ಮಾತು. ಹೇಗೆ ಬರೆಯಬೇಕೋ ತಿಳಿಯದೆ ಎರಡು ಕಾಗದ ಹರಿದು ಹಾಕಿದೆ. ಈಗ ಹತ್ತಿದ್ದು ಒಂದೇ ಒಂದು ಕನ್ನಡ ಮಾತಿಗೆ ಕೆಡಬಹುದು, ಅದರಲ್ಲೂ ನಿನ್ನ ಬಾಯಿಂದ ಕೇಳಿದರೆ ಕೂಸು ಹಿಂದಕ್ಕೇ ಓಡುತ್ತದೆ ಎಂದು ಮಾಸ್ತರರು ಹೇಳುತ್ತಾರೆ. ನಿನಗೆ ಮರಾಠಿ ಬರುವುದಿಲ್ಲ. ಅವಳು ಶಾಲೆಗೆ ಹೋದಾಗ ಸುಲಭಾ ಜೊತೆ ಬೇಕಾದಷ್ಟು ಮಾತಾಡು. ಅವಳು ಮನೆಯಲ್ಲಿರುವಾಗ ಮಾತ್ರ ಸುಮ್ಮನಿರಬೇಕು. ಅವಳ ಒಳ್ಳೆಯದಕ್ಕೆ.

ಪ್ರಲ್ಹಾದ


ನವಲಗುಂದ
೨೫ ಏಪ್ರಿಲ್ ೧೯೨೭

ಪ್ರಲ್ಹಾದನಿಗೆ ಆಶೀರ್ವಾದ.

ಅವಳು ಓದಿದಳು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಹಾಗಾದರೆ ನನ್ನದೇ ತಪ್ಪು ತಿಳಿವಳಿಕೆ, ಬಾಳುವಿನ ಕತೆಯೇ ಬೇರೆ, ಇವಳದೇ ಬೇರೆ. ನಾನು ಸೋತೆ, ಸೋತದ್ದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಬರುತ್ತೇನೆ. ಬಾಯಿಗೆ ಬೀಗ ಹಾಕಿಕೊಂಡೇ ಬರುತ್ತೇನೆ. ನನ್ನ ಮಾತು ಎಲ್ಲಿ ಹೋಗುತ್ತದೆ, ತಿರುಗಿ ಊರಿಗೆ ಬಂದು ಗೋಡೆಯ ಜೊತೆ ಆಡಿಕೊಳ್ಳುತ್ತೇನೆ. ಕೂಸು ಓದಲಿ.

ಅಣ್ಣಿಗೇರಿಯಲ್ಲಿ ರೈಲು ಹಿಡಿಯುತ್ತೇನೆ. ಬಾಣಂತಿಗೆ ಕೊಡುವ ಅಂಟಿನುಂಡೆಗೆ ಸಾಮಾನು ತರುತ್ತೇನೆ.

ರಂಗಕ್ಕ


ನವಲಗುಂದ
೧೮ ಸೆಪ್ಟೆಂಬರ್ ೧೯೨೭

ಪ್ರಲ್ಹಾದನಿಗೂ ಸುಲಭಾಗೂ ಆಶೀರ್ವಾದ, ಕೂಸು ಅವಧೂತನಿಗೆ ಮುದ್ದು.

ಸುಖವಾಗಿ ಬಂದು ಮುಟ್ಟಿದೆ. ಸುಲಭಾ ಇನ್ನೂ ತಣ್ಣೀರಲ್ಲಿ ಕೈಯಾಡಿಸಬಾರದು. ಅವಳು ಬಂಗಾರದಂಥ ಹುಡುಗಿ, ನಾನು ಮೊದಲು ಏನೇನೋ ಅಂದುಕೊಂಡಿದ್ದೆ, ಅದನ್ನೆಲ್ಲ ತೆಗೆದುಹಾಕಿದ್ದೇನೆ. ತೊಟ್ಟಿಲ ದಿನ ವಿಧವೆಯಾದ ನಾನು ಅಡಿಗೆಮನೆಯಲ್ಲೇ ಉಳಿದಾಗ, ಹೆಸರಿಟ್ಟಾದ ಕೂಡಲೇ ಅವಳು ಕೂಸನ್ನು ಅಲ್ಲಿಗೇ ತಂದು ನನ್ನ ಕೈಗೆ ಕೊಟ್ಟಳು.

ನಿನಗೆ ಕೊಟ್ಟ ಮಾತು ನಡೆಸಿದ್ದೇನೆ. ಒಂದು ಸಂಗತಿಯನ್ನು ಮಾತ್ರ ಅಲ್ಲಿ ಹೇಳಲಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ.

ನಾನು ಬಂದು ಕೆಲವು ದಿನ ಇಂದೂ ದೂರದಿಂದಲೇ ನೋಡುತ್ತಿದ್ದಳು. ಎಷ್ಟು ಸೊರಗಿದ್ದಾಳೆ. ಒಂದು ಸಂಜೆ ಶಾಲೆಯಿಂದ ಬಂದವಳು ನೇರ ಅಡಿಗೆಮನೆಗೆ ಬಂದಳು. ನಾನು ಒಲೆಯ ಮುಂದೆ ಅಂಟು ಹುರಿಯುತ್ತಿದ್ದೆ. ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಬಾಗಿಲ ಕಡೆ ಒಮ್ಮೆ ನೋಡಿ, ಕೈ ಎತ್ತಿ ನನ್ನ ಗಂಟಲ ಮೇಲೆ ಇಟ್ಟಳು.

ಪ್ರಲ್ಹಾದಾ, ಇಟ್ಟು ಕಾದಳು. ಮೊದಲು ಕಾಯುತ್ತಿದ್ದ ಹಾಗೆಯೇ, ತಲೆ ಸ್ವಲ್ಪ ಓರೆ ಮಾಡಿ. ಅವಳ ಅಂಗೈ ತಣ್ಣಗಿತ್ತು. ಒಂದು ಸಲ ಅವಳ ಹೆಸರು ಹೇಳಿದ್ದರೆ ಸಾಕಾಗಿತ್ತು. ಹೊರಗೆ ನಿನ್ನ ಸೈಕಲ್ ಸಪ್ಪಳ ಕೇಳಿತು. ಅವಳು ಓದುತ್ತಿದ್ದಾಳೆ, ಕೆಡಿಸಬಾರದು ಎಂದುಕೊಂಡೆ. ಉಗುಳು ನುಂಗಿದೆ. ಅದು ಅವಳ ಕೈಗೆ ತಾಗಿರಬೇಕು, ಮುಖ ಎತ್ತಿ ನೋಡಿದಳು. ಆಮೇಲೆ ಕೈ ತೆಗೆದಳು. ನಾನು ಅಲ್ಲಿ ಇರುವ ತನಕ ಮತ್ತೆ ಇಡಲಿಲ್ಲ.

ಅಂಟು ಸೀದುಹೋಗಿತ್ತು. ವಯಸ್ಸಾಯಿತು, ಕೈ ತಪ್ಪುತ್ತದೆ ಎಂದು ನೀನು ಚೇಷ್ಟೆ ಮಾಡಿದೆ.

ಅವಳು ಈಗ ಯಾವ ಪಾಠದಲ್ಲಿದ್ದಾಳೆ ಎಂದು ಬರೆ. ಎಷ್ಟು ಓದಿದಳೆಂದು ತಿಳಿದರೆ ನನಗೆ ಸಮಾಧಾನವಾಗುತ್ತದೆ.

ರಂಗಕ್ಕ


ಪುಣೆ
೫ ಫೆಬ್ರುವರಿ ೧೯೨೮

ಅಕ್ಕಾ,

ನಿನ್ನ ಪತ್ರ ಬಂದು ಇಷ್ಟು ತಿಂಗಳಾದವು. ಎಷ್ಟನೇ ಪಾಠ ಎಂದು ಕೇಳಿದ್ದೆ. ಬರೆಯಲಾಗಲಿಲ್ಲ, ಏಕೆಂದರೆ ಅವಳು ಗುಬ್ಬಿಯ ಪಾಠ ದಾಟಲೇ ಇಲ್ಲ. ಹೊಸದು ಕೊಟ್ಟರೆ ಹೊಟ್ಟೆನೋವು ಎನ್ನುತ್ತಿದ್ದಳು. ನಾನು ಮೈಗಳ್ಳತನ ಎಂದುಕೊಂಡೆ.

ಹೋದ ಭಾನುವಾರ ಅಂಗಳದಲ್ಲಿ ಕೂತು ಅದೇ ಪಾಠ ಓದುತ್ತಿದ್ದಳು. ಗಾಳಿಗೆ ಹಾಳೆ ತಿರುವಿತು. ಅವಳು ನಿಲ್ಲಿಸಲಿಲ್ಲ. ಹಾಳೆಯ ಮೇಲೆ ರೈಲಿನ ಚಿತ್ರ, ಬಾಯಲ್ಲಿ ಗುಬ್ಬಿ. ಬೆರಳು ಸಾಲಿನ ಕೆಳಗೆ ಮೊದಲಿನಂತೆಯೇ ಜಾರುತ್ತಿತ್ತು. ಯಾರೋ ಓದುವುದನ್ನು ಕೇಳಿ ಕೇಳಿ ಹಾಡಿನ ಧಾಟಿಯ ಹಾಗೆ ಹಿಡಿದುಬಿಟ್ಟಿದ್ದಾಳೆ ಅಕ್ಕಾ. ಒಂದಕ್ಷರವೂ ಬರುವುದಿಲ್ಲ. ಒಂದು ವರ್ಷ ನಮ್ಮೆಲ್ಲರ ಮುಂದೆ ಓದಿದ ಹಾಗೆ ಕೂತು ನಮ್ಮನ್ನು ಸಂತೋಷಪಡಿಸಿದ್ದಾಳೆ.

ನಾನು ಕೈ ಎತ್ತಿದೆ. ಅವಳು ಅಳಲಿಲ್ಲ, ಓಡಲಿಲ್ಲ. ತಾನಾಗಿಯೇ ಹೋಗಿ ಅಂಗಳದ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ನಮ್ಮ ಮನೆಯಲ್ಲಿ ಯಾರೂ ಅವಳನ್ನು ಹಾಗೆ ನಿಲ್ಲಿಸಿಲ್ಲ. ಸುಲಭಾ ಕೇಳಿದಾಗ, ಶಾಲೆಯಲ್ಲಿ ತನ್ನ ಜಾಗ ಅದೇ ಎಂದಳು.

ನನಗೆ ಬಾಳು ಕಂಡ. ಇಷ್ಟು ವರ್ಷ ಆ ಹೆಸರು ಬರೆಯಲು ನನ್ನ ಕೈ ಬರಲಿಲ್ಲ. ನಿನ್ನ ಪತ್ರದಲ್ಲಿ ಆ ಹೆಸರು ಬಂದ ಕಡೆ ಕಣ್ಣು ಹಾರಿಸಿ ಓದುತ್ತಿದ್ದೆ. ಕಂಬದ ಹಿಂದೆ ಅವನ ಕೈ ಹಿಡಿದಿದ್ದೆನಲ್ಲ, ಕೊನೆಗೆ ಅವನೇ ಬಿಡಿಸಿಕೊಂಡ. ಇಂದೂ ಹಾಗೆ ಬಿಡಿಸಿಕೊಂಡು ಹೋಗುವ ಮೊದಲು ಏನಾದರೂ ಮಾಡು ಅಕ್ಕಾ.

ಅಂದಿನಿಂದ ಮನೆಯಲ್ಲಿ ಕನ್ನಡ ಆಡುತ್ತಿದ್ದೇನೆ. ಅವಳು ಕೇಳುತ್ತಾಳೆ, ಯಾವ ಭಾಷೆಯಲ್ಲೂ ಉತ್ತರಿಸುವುದಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಏಪ್ರಿಲ್ ಕೊನೆಗೆ ಸುಲಭಾಳ ಕಾಕಾ ಸದಾನಂದರಾಯರು ಗದಗಿಗೆ ಹೊರಟಿದ್ದಾರೆ, ಬೇಸಿಗೆಯ ರಜೆಗೆ ಅವರ ಜೊತೆ ಕಳಿಸುತ್ತೇನೆ. ಅವಳ ಜೊತೆ ಮಾತಾಡು. ನಿನ್ನ ಬಾಯಿ ಕಟ್ಟಿಹಾಕಿದವನು ನಾನು, ನಾನೇ ಬೇಡಿಕೊಳ್ಳುತ್ತೇನೆ.

ಒಂದು ಸಣ್ಣ ಸಂಗತಿ. ನೀನು ಬಂದಿದ್ದಾಗ, ಅತ್ಯಾ ಯಾಕೆ ಮಾತಾಡುವುದಿಲ್ಲ ಎಂದು ಅವಳು ಕೇಳಿದಳಂತೆ. ಏನು ಹೇಳಬೇಕೋ ತೋಚದೆ, ಅತ್ಯಾನ ಗಂಟಲು ಕೆಟ್ಟಿದೆ, ಮಾತು ಹೋಗಿದೆ ಎಂದು ಸುಲಭಾ ಹೇಳಿಬಿಟ್ಟಿದ್ದಾಳೆ. ನೀನು ಮಾತಾಡಿದ ಕೂಡಲೇ ಅವಳಿಗೇ ತಿಳಿಯುತ್ತದೆ, ಚಿಂತೆಯಿಲ್ಲ.

ಪ್ರಲ್ಹಾದ


ನವಲಗುಂದ
೧೩ ಮೇ ೧೯೨೮

ಪ್ರಲ್ಹಾದನಿಗೆ ಆಶೀರ್ವಾದ.

ಸದಾನಂದರಾಯರು ಇಂದೂಳನ್ನು ಅಣ್ಣಿಗೇರಿ ಸ್ಟೇಶನ್ನಿನಲ್ಲಿ ನನ್ನ ಕೈಗೆ ಒಪ್ಪಿಸಿದರು. ಬಾ ನನ್ನ ಕಂದಾ ಎನ್ನಲು ಬಾಯಿ ತೆಗೆದೆ. ಅವಳು ಅವಸರದಿಂದ ತನ್ನ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ಮಾತಾಡಬ್ಯಾಡ ಅತ್ಯಾ, ನೋಯ್ತದ" ಎಂದಳು.

ತಿಂಗಳುಗಟ್ಟಲೆ ಬಾಯಿ ಬಿಡದ ಕೂಸು ಆಡಿದ ಮೊದಲ ಮಾತು ಅದು, ಅದೂ ಕನ್ನಡದಲ್ಲಿ. ನಾನು ಬಾಯಿ ಮುಚ್ಚಿದೆ. ಅವಳೆದುರು ನನ್ನದೆಂಬ ಮಾತಿಗೆ ಇವತ್ತಿನವರೆಗೂ ತೆರೆದಿಲ್ಲ.

ನೀನು ಸಣ್ಣ ಸಂಗತಿ ಎಂದು ಬರೆದಿದ್ದೆ. ಅವಳು ಅದನ್ನು ವರ್ಷವಿಡೀ ಹೊತ್ತುಕೊಂಡು ತಿರುಗಿದ್ದಾಳೆ. ಲೋಕದಲ್ಲಿ ತನ್ನ ಹಾಗೆ ಮಾತು ಸಿಗದವಳು ಇನ್ನೊಬ್ಬಳಿದ್ದಾಳೆ, ಅವಳು ನನ್ನ ಅತ್ಯಾ ಎಂದು. ಈಗ ನಾನು ಬಾಯಿ ಬಿಟ್ಟರೆ, ಅಂದೂ ಬಿಡಬಹುದಾಗಿತ್ತೆಂದು ಅವಳಿಗೆ ತಿಳಿಯುತ್ತದೆ. ಒಲೆಯ ಮುಂದೆ ತಾನು ಕೈಯಿಟ್ಟು ಕಾದದ್ದು ಗಂಟಲು ಕೆಟ್ಟವಳ ಹತ್ತಿರವಲ್ಲ, ಬೇಕೆಂದೇ ಗಂಟಲು ಬಿಗಿಹಿಡಿದವಳ ಹತ್ತಿರ ಎಂದು ತಿಳಿಯುತ್ತದೆ. ಏನೇನು ಕಳೆದುಕೊಂಡರೂ ಇದೊಂದನ್ನು ಅವಳಿಂದ ಕಸಿಯುವ ಧೈರ್ಯ ನನಗಿಲ್ಲ.

ಓಣಿಯವರಿಗೆಲ್ಲ ಗುಟ್ಟಾಗಿ ಹೇಳಿಟ್ಟಿದ್ದೇನೆ. ಎದುರುಮನೆಯ ಈರಬಸಪ್ಪ, ರಂಗಕ್ಕಾರು ಮೂಕರಾದರೆ ಓಣಿಗೆ ನೆಮ್ಮದಿ ಬಿಡ್ರಿ ಎಂದು ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡ.

ಈಗ ಅವಳು ನನಗೆ ಕಲಿಸುತ್ತಿದ್ದಾಳೆ. ಊಟವಾದ ಮೇಲೆ ಎದುರಿಗೆ ಕೂತು, ನನ್ನ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಳ್ಳುತ್ತಾಳೆ. ನಿಧಾನವಾಗಿ ಒಂದು ಮಾತು ಹೇಳುತ್ತಾಳೆ. ನನಗೆ ಮರಾಠಿ ಬರುವುದಿಲ್ಲವೆಂದು ಅವಳಿಗೆ ಗೊತ್ತು, ಅದಕ್ಕೇ ಕನ್ನಡದ್ದನ್ನೇ ಹುಡುಕಿ ಹುಡುಕಿ ತರುತ್ತಾಳೆ. ಅವಳು ತಪ್ಪು ಹೇಳಿದರೆ ನಾನೂ ಅದನ್ನೇ ತಪ್ಪಾಗಿ ಹೇಳುತ್ತೇನೆ. ನನ್ನ ಗಂಟಲು ಮುಟ್ಟಿ ನೋಡುತ್ತಾಳೆ, ಹುಬ್ಬು ಗಂಟಿಕ್ಕುತ್ತಾಳೆ, ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ಒಮ್ಮೆಯೂ ಗದರಿಸುವುದಿಲ್ಲ. ಇಷ್ಟು ತಾಳ್ಮೆ ಅವಳಿಗೆ ಯಾರು ಕೊಟ್ಟರೋ, ಶಾಲೆಯಲ್ಲಂತೂ ಅವಳಿಗೆ ಯಾರೂ ತೋರಿಸಿರಲಿಲ್ಲ.

ಸುಳ್ಳಿನ ಮೇಲೆ ಕೂತು ಪಾಠ ಕಲಿಯುತ್ತಿದ್ದೇನೆ. ಅವಳಿಗೆಂದು ಕೂಡಿಟ್ಟ ಕತೆಗಳೆಲ್ಲ ಎದೆಯಲ್ಲೇ ಉಳಿದಿವೆ, ಅವನ್ನು ನನ್ನ ಬಾಯಿಂದ ಹೇಳುವ ಕಾಲ ಬರುತ್ತದೋ ಇಲ್ಲವೋ. ಅಕ್ಷರ ಅವಳಿಗೆ ಹತ್ತುತ್ತವೆಂದು ನಾನು ಮಾತು ಕೊಡಲಾರೆ. ಬಾ, ಹೂ, ಮನಿ, ಇವಿಷ್ಟು ನನಗೆ ಬಂದಿವೆ. ನಿನ್ನೆ ನಾನು ಬಾ ಎಂದದ್ದು ಸರಿಯಾಗಿ ಕೈಗೆ ತಾಗಿತೆಂದು ಅವಳು ಎರಡೂ ಕೈಯಿಂದ ನನ್ನ ಮುಖ ಹಿಡಿದು ನಕ್ಕಳು.

ಶಾಲೆ ತೆರೆಯುವ ಮೊದಲು ಅವಳನ್ನು ಕರೆದುಕೊಂಡು ಹೋಗಲು ನೀನೇ ಬಾ. ಬಂದಾಗ ಅವಳ ಎದುರಿಗೆ ನನ್ನನ್ನು ಮಾತಾಡಿಸಬೇಡ. ನನಗೆ ಇನ್ನೂ ಅಷ್ಟು ಮಾತು ಬರುವುದಿಲ್ಲ.

ರಂಗಕ್ಕ